ಹಳೇದಾದ ಮಾತ್ರಕ್ಕೆ ಕಾರ್ಡಿಗೆ ಬೆಲೆ ಬರಲ್ಲ

ಸಂಪಾದಕರೇ,

ಬ್ಯಾಸ್ಕೆಟ್‌ಬಾಲ್ ಕಾರ್ಡು (ಆಟಗಾರರ ಫೋಟೋ ಅಚ್ಚು ಹಾಕಿರೋ, ಜನ ಕೂಡಿಡೋ ಪುಟ್ಟ ಕಾರ್ಡು) ಕೋಟಿಗಟ್ಟಲೆಗೆ ಹರಾಜಾಯ್ತು ಅಂತ ಆಗಾಗ ಸುದ್ದಿ ಬರತ್ತೆ, ಆದ್ರೆ ಯಾಕೆ ಅಷ್ಟು ಬೆಲೆ ಅಂತ ಯಾರೂ ಬಿಡಿಸಿ ಬರಿಯಲ್ಲ, ಅದಕ್ಕೇ ಈ ಪತ್ರ. ಮೈಕಲ್ ಜೋರ್ಡನ್‌ದು 1986ರಲ್ಲಿ ಫ್ಲೀರ್ ಅನ್ನೋ ಕಂಪನಿ ತಂದ ಕಾರ್ಡನ್ನೇ ತಗೊಳ್ಳಿ. ಅದೇನು ಅಪರೂಪದ್ದಲ್ಲ, ಸಾವಿರಾರು ಇದಾವೆ. ಅಪರೂಪ ಇರೋದು ಕಂಡೀಶನ್ನಲ್ಲಿ! ಪಿಎಸ್‌ಎ ಅನ್ನೋ ಗ್ರೇಡಿಂಗ್ ಕಂಪನಿ ಮೂಲೆ, ಅಂಚು, ಮೇಲ್ಮೈ, ಪ್ರಿಂಟು ಸರಿಯಾಗಿ ಮಧ್ಯದಲ್ಲಿ ಕೂತಿದ್ಯಾ ಅಂತೆಲ್ಲ ನೋಡಿ 10ರವರೆಗೆ ನಂಬರ್ ಕೊಡತ್ತೆ, ಈ ಕಾರ್ಡಿನ ಅಂಚಲ್ಲಿ ಬಣ್ಣ ಇರೋದ್ರಿಂದ ಚೂರು ಸವೆದ್ರೂ ಬಿಳಿ ಎದ್ದು ಕಾಣತ್ತೆ, ಹಂಗಾಗಿ 10 ಸಿಕ್ಕಿರೋದು ಮುನ್ನೂರು ಚಿಲ್ಲರೆ ಕಾರ್ಡಿಗೆ ಅಷ್ಟೇ. 9 ಬಂದ್ರೆ ಬೆಲೆ ಎಷ್ಟೋ ಪಟ್ಟು ಕೆಳಗೆ.

ಆಟಗಾರನ ಹೆಸರು, ಅವನ ಮೊದಲ ವರ್ಷದ ಕಾರ್ಡಾ ಅನ್ನೋದು, ಸಹಿ, ಎಷ್ಟು ಪ್ರತಿ ಪ್ರಿಂಟ್ ಮಾಡಿದಾರೆ ಅನ್ನೋದೂ ಲೆಕ್ಕಕ್ಕೆ ಬರತ್ತೆ. ಲೆಬ್ರಾನ್ ಜೇಮ್ಸ್‌ದು ಜೆರ್ಸಿ ಬಟ್ಟೆ ತುಂಡು, ಸಹಿ ಎರಡೂ ಇರೋ 2003-04ರ ಕಾರ್ಡು ಬರೀ 23 ಪ್ರತಿ, 2021ರಲ್ಲಿ ಅದ್ರಲ್ಲಿ ಒಂದು 52 ಲಕ್ಷ ಡಾಲರ್‌ಗೆ ಹೋಯ್ತು. 1990ರ ಆಸುಪಾಸಿನ ಕಾರ್ಡುಗಳನ್ನ ಮಾತ್ರ ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದ್ರು, ಬಹುಪಾಲು ಇವತ್ತಿಗೂ ಚಿಲ್ಲರೆ ಕಾಸಿಗೇ ಸಿಗತ್ತೆ.

ಇನ್ನೊಂದು ವಿಷ್ಯ, ಅದೇ ಜೋರ್ಡನ್ ಕಾರ್ಡು, 10 ಗ್ರೇಡಿಂದು, 2021ರ ಜನವರಿಯಲ್ಲಿ 7.38 ಲಕ್ಷ ಡಾಲರ್ ಮುಟ್ಟಿ ಕೆಲವೇ ತಿಂಗಳಲ್ಲಿ ಅರ್ಧಕ್ಕಿಂತ ಕೆಳಗೆ ಇಳೀತು. ಅಮೆರಿಕದಲ್ಲಿರೋ ನಮ್ಮವರ ಮಕ್ಕಳೂ ಇದನ್ನ ಇನ್ವೆಸ್ಟ್‌ಮೆಂಟ್ ಅಂತ ನಂಬಿ ಕೊಳ್ತಿದಾರೆ, ದಯವಿಟ್ಟು ದಾಖಲೆ ಬೆಲೆ ಛಾಪಿಸುವಾಗ ಇಳಿದ ಬೆಲೆನೂ ಛಾಪಿಸಿ.

ನಿಮ್ಮ ಓದುಗ, ಮೈಸೂರು