ನಿನ್ನ ಪತ್ರದ ಆ ಕೊನೆಯ ಸಾಲಿಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ತಲುಪಿತು. ಮನೆಯ ಸಮಾಚಾರವನ್ನೆಲ್ಲ ನಿನ್ನ ಅಪ್ಪ ಹೇಳುತ್ತಲೇ ಇರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲೋ ಬೇಡವೋ ಎಂದು ಅನುಮಾನಿಸಿ ಕೊನೆಯಲ್ಲಿ ಸೇರಿಸಿದಂತಿದ್ದ ಒಂದು ಸಾಲು ಮಾತ್ರ ಮೂರು ದಿನಗಳಿಂದ ನನ್ನ ಮನಸ್ಸನ್ನು ಕೊರೆಯುತ್ತಿದೆ: "ಓಪನ್‌ಜಿಎಲ್ ಹೋಗುತ್ತಿದೆ ದೊಡ್ಡಪ್ಪ, ಅದರ ಜೊತೆಗೆ ನನ್ನ ಏಳು ವರ್ಷವೂ ಹೋಗುತ್ತದೆಯೇ?"

ನಿನ್ನ ಹೆದರಿಕೆಗೆ ಆಧಾರವಿಲ್ಲವೆಂದು ಹೇಳಲಾರೆ. ತೆರೆಯ ಮೇಲೆ ಚಿತ್ರ ಬರೆಸಲು ನೀನು ಏಳು ವರ್ಷ ಬಳಸಿದ ಕರೆಗಳ, ಎಂದರೆ ಕಂಪ್ಯೂಟರಿಗೆ ಕೊಡುವ ಸಿದ್ಧ ಆದೇಶಗಳ, ಕಟ್ಟಾದ ಓಪನ್‌ಜಿಎಲ್‌ಗೆ 2017ರ 4.6ರ ನಂತರ ಹೊಸ ಆವೃತ್ತಿ ಬಂದಿಲ್ಲ. 2018ರಲ್ಲಿ ಆಪಲ್ ತನ್ನ ಯಂತ್ರಗಳಲ್ಲಿ ಅದನ್ನು ಹಿಂದಕ್ಕೆ ಸರಿಸುವುದಾಗಿ ಸಾರಿತು. ನಿನ್ನ ಜೊತೆಯವರು ಒಬ್ಬೊಬ್ಬರಾಗಿ ಅದರ ಮುಂದಿನ ಪೀಳಿಗೆಯಾದ ವಲ್ಕನ್ ಕಡೆಗೆ ಹೋಗುತ್ತಿದ್ದಾರೆ. ಆದರೆ ಇದೇ ಹೆದರಿಕೆಯನ್ನು ಎದೆಯಲ್ಲಿಟ್ಟುಕೊಂಡು ಹತ್ತು ವರ್ಷ ಕಳೆದವನು ನಾನು; ಅದು ಮನುಷ್ಯನಿಂದ ಏನೇನು ಮಾಡಿಸುತ್ತದೆಂದು ನಿನಗೆ ಹೇಳದೆ ಇರುವುದು ಸರಿಯಲ್ಲ.

1983ರಲ್ಲಿ ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ನಮ್ಮ ಕೋಣೆಯಲ್ಲಿ ಒಂದು ಟೆಕ್ಟ್ರಾನಿಕ್ಸ್ ಸ್ಟೋರೇಜ್ ಟ್ಯೂಬ್ ಟರ್ಮಿನಲ್ ಇತ್ತು. ಎಳೆದ ಗೆರೆ ತೆರೆಯ ಮೇಲೆ ತಾನಾಗಿ ನಿಲ್ಲುತ್ತಿತ್ತು. ಒಂದೇ ಒಂದು ಗೆರೆಯನ್ನು ಅಳಿಸಬೇಕಾದರೂ ಇಡೀ ತೆರೆ ಹಸಿರಾಗಿ ಒಮ್ಮೆ ಮಿಂಚಿ, ಖಾಲಿಯಾಗಿ, ಚಿತ್ರವೆಲ್ಲ ಮೊದಲಿನಿಂದ ಮೂಡಬೇಕಿತ್ತು. ಅದೇ ಚಿತ್ರ, ಕಾಗದದ ಮೇಲೆ ಪೆನ್ನಿನಿಂದ ಗೆರೆ ಎಳೆಯುವ ಪಕ್ಕದ ಪೆನ್ ಪ್ಲಾಟರ್‌ನಲ್ಲಿ ಬೇಕೆಂದರೆ ಪ್ರೋಗ್ರಾಮನ್ನೇ ತಿದ್ದಬೇಕು, ಏಕೆಂದರೆ ಒಂದೊಂದು ಯಂತ್ರಕ್ಕೂ ಅದರದೇ ಕರೆಗಳ ಲೈಬ್ರರಿ. ಈ ಪಾಡು ಎಲ್ಲ ದೇಶದವರದೂ ಆಗಿತ್ತು. 1976ರಲ್ಲಿ ಫ್ರಾನ್ಸಿನ ಸೆಯಾಕ್‌ನಲ್ಲಿ ಸೇರಿದ ಸಂಶೋಧಕರು, ವಸ್ತುವಿನ ಆಕಾರವನ್ನು ಕಟ್ಟುವ ಕೆಲಸವನ್ನೂ ಅದನ್ನು ತೆರೆಗೆ ತರುವ ಕೆಲಸವನ್ನೂ ಬೇರೆ ಮಾಡಬೇಕೆಂದು ಕಂಡುಕೊಂಡರು. ಮರುವರ್ಷ ಅಮೆರಿಕದ ಕಂಪ್ಯೂಟರ್ ಗ್ರಾಫಿಕ್ಸ್ ಸಂಘವಾದ ಸಿಗ್ರಾಫ್‌ನ ಸಮಿತಿ, ಎಲ್ಲ ಯಂತ್ರಗಳಿಗೂ ಒಂದೇ ಬಗೆಯ ಕರೆಗಳಿರಲೆಂದು 'ಕೋರ್' ಎಂಬ ಕರಡನ್ನು ತಂದಿತು. ಜರ್ಮನಿಯಲ್ಲಿ ಹುಟ್ಟಿದ ಇಂಥದೇ ಇನ್ನೊಂದು ಕಟ್ಟು, ಜಿಕೆಎಸ್ (ಗ್ರಾಫಿಕಲ್ ಕರ್ನಲ್ ಸಿಸ್ಟಮ್), 1985ರಲ್ಲಿ ಐಎಸ್‌ಒ 7942 ಎಂಬ ಸಂಖ್ಯೆಯ ಅಂತರರಾಷ್ಟ್ರೀಯ ಮಾನಕವಾಯಿತು. ಗೆರೆ, ಅಕ್ಷರ ಮುಂತಾದ ಅದರ ಆರು ಚಿತ್ರಾಂಶಗಳನ್ನು ನಾನು ಮಗ್ಗಿಯಂತೆ ಕಲಿತೆ. ಫೋರ್ಟ್ರಾನ್‌ನಲ್ಲಿ ಜಿಪಿಎಲ್ ಎಂದು ಕರೆದರೆ ಟರ್ಮಿನಲ್‌ನಲ್ಲೂ ಗೆರೆ, ಪ್ಲಾಟರ್‌ನಲ್ಲೂ ಅದೇ ಗೆರೆ. ಅದನ್ನು ಮೊದಲ ಸಲ ಕಂಡ ಸಂಜೆ ನಾನು ಮನೆಗೆ ನಡೆದುಕೊಂಡೇ ಹೋದೆ, ಬಸ್ಸು ಹತ್ತಬೇಕೆಂಬುದೂ ನೆನಪಾಗಲಿಲ್ಲ.

1992ರಲ್ಲಿ ಸಿಲಿಕಾನ್ ಗ್ರಾಫಿಕ್ಸ್‌ನವರು ಓಪನ್‌ಜಿಎಲ್ ಹೊರತಂದರು. ಮರುವರ್ಷ, ಸರಿಸುಮಾರು ನಿನ್ನ ಈಗಿನ ವಯಸ್ಸಿನ ಹುಡುಗಿಯೊಬ್ಬಳು, ನನ್ನ ಕೈಕೆಳಗಿದ್ದವಳು, ಅದರ ಕೈಪಿಡಿಯ ಜೆರಾಕ್ಸ್ ಹಿಡಿದು ಬಂದು ಮೂರು ತಿಂಗಳ ಅವಕಾಶ ಕೇಳಿದಳು. ಐಎಸ್‌ಒ ಮಾನಕವೇ ಇರುವಾಗ ಒಂದು ಕಂಪನಿಯಿಂದ ಬಂದದ್ದರ ಹಿಂದೆ ಏಕೆ ಹೋಗಬೇಕು, ಮೂರು ಆಯಾಮ ಬೇಕಾದರೆ ಫಿಗ್ಸ್ ಎಂಬ ಇನ್ನೊಂದು ಮಾನಕ ಇದೆಯಲ್ಲ ಎಂದೆ. ಫಿಗ್ಸ್‌ನಲ್ಲಿ ಚಿತ್ರವನ್ನು ಮೊದಲು ಅದರ ಉಗ್ರಾಣಕ್ಕೆ ತುಂಬಿಸಬೇಕು, ನಮ್ಮ ಮಾಹಿತಿಯೋ ಕ್ಷಣಕ್ಷಣಕ್ಕೂ ಬದಲಾಗುವಂಥದು, ಓಪನ್‌ಜಿಎಲ್ ಹೇಳಿದ ಕೂಡಲೇ ಬರೆಯುತ್ತದೆ ಎಂದು ಅವಳು ತಾಳ್ಮೆಯಿಂದ ವಿವರಿಸಿದಳು. ಅವಳ ಮಾತು ನನಗೆ ಅರ್ಥವಾಗಿತ್ತು ಪುಟ್ಟಿ. ಅರ್ಥವಾದದ್ದರಿಂದಲೇ ಬೇಡವೆಂದೆ. ಅವಳು ಹೇಳುವುದು ನಿಜವಾದರೆ ನನ್ನ ವರ್ಷಗಳೆಲ್ಲ ಏನಾದವು ಎಂಬ, ನೀನು ಈಗ ಕೇಳುತ್ತಿರುವ ಪ್ರಶ್ನೆಯೇ ಅಂದು ನನ್ನ ಬಾಯಿಂದ ಆ ಮಾತನ್ನು ಆಡಿಸಿತು. ಸಂಕ್ರಾಂತಿಯ ಹೊತ್ತಿಗೆ ಅವಳು ಕೆಲಸ ಬಿಟ್ಟು ಹೋದಳು.

ಆಮೇಲೆ ನಮ್ಮ ವಿಭಾಗ ಮುಚ್ಚಿದ ಕಥೆ ನಿನಗೆ ಗೊತ್ತು. ಯಾರಿಗೂ ಹೇಳದಿದ್ದುದು ಇಷ್ಟು: ಅದು ಮುಚ್ಚಿದ ವಾರ ನನ್ನ ಹನ್ನೊಂದು ನೋಟ್‌ಬುಕ್‌ಗಳನ್ನು ರದ್ದಿಯವನಿಗೆ ತೂಕಕ್ಕೆ ಹಾಕಿದೆ. ಬೇಡವೆಂದು ಬೇರೆ ಯಾರೂ ಹೇಳುವ ಮೊದಲೇ ನಾನೇ ಹೇಳಿಬಿಟ್ಟೆ.

ಅವುಗಳಲ್ಲೊಂದರಲ್ಲಿ ಗೆರೆ ಕತ್ತರಿಸುವ, ಎಂದರೆ ನೋಟದ ಕಿಟಕಿಯ ಆಚೆಗೆ ಹೋಗುವ ಭಾಗವನ್ನು ತೆಗೆದುಹಾಕುವ, ಲೆಕ್ಕವಿತ್ತು. ಡ್ಯಾನಿ ಕೋಹೆನ್ ಮತ್ತು ಐವನ್ ಸದರ್ಲೆಂಡ್ 1960ರ ದಶಕದಲ್ಲಿ ಕಂಡುಕೊಂಡದ್ದು. ಕಿಟಕಿಯ ಎಡ, ಬಲ, ಕೆಳಗೆ, ಮೇಲೆ ಎಂದು ಗೆರೆಯ ಪ್ರತಿ ತುದಿಗೂ ನಾಲ್ಕು ಬಿಟ್; ತುದಿ ಯಾವ ಕಡೆಗೆ ಹೊರಗಿದೆಯೋ ಆ ಬಿಟ್ ಹತ್ತುತ್ತದೆ; ಎರಡು ತುದಿಗಳಲ್ಲೂ ಒಂದೇ ಬಿಟ್ ಹತ್ತಿದ್ದರೆ ಆ ಗೆರೆಯನ್ನು ಹೆಚ್ಚಿನ ಲೆಕ್ಕವಿಲ್ಲದೆ ಕೈಬಿಡಬಹುದು. ಮೂರು ಆಯಾಮಕ್ಕೆ ಬಿಟ್‌ಗಳು ಆರಾಗುತ್ತವೆ, ಅಷ್ಟೆ. ಕೋರ್, ಜಿಕೆಎಸ್, ಓಪನ್‌ಜಿಎಲ್ ಎಲ್ಲಕ್ಕಿಂತಲೂ ಹಿಂದಿನ ಲೆಕ್ಕ ಇದು. ನಿನ್ನ ನಕ್ಷೆಯ ಅಳತೆಗೆರೆ ಕೆಲವೊಮ್ಮೆ ಎಲ್ಲಿಂದಲೋ ತಲೆಕೆಳಗಾಗಿ ಬರುತ್ತದೆಂದು ಬರೆದಿದ್ದೀಯಲ್ಲ, ಕಣ್ಣಿನಿಂದ ಬಿಂದುವಿನ ದೂರವನ್ನು ಹೇಳುವ ಡಬ್ಲ್ಯೂನಿಂದ ಭಾಗಿಸಿದ ಮೇಲೆ ಕತ್ತರಿಸುತ್ತಿದ್ದೀಯೇ ನೋಡು. ಭಾಗಿಸುವ ಮೊದಲೇ ಕತ್ತರಿಸದಿದ್ದರೆ ಕಣ್ಣಿನ ಹಿಂದಿರುವ ಬಿಂದು ಮಗುಚಿಕೊಂಡು ಮುಂದೆ ಬಂದು ಕೂರುತ್ತದೆ.

ಹಾಗೆಯೇ ಉಳಿದುಬಂದ ಇನ್ನೊಂದು ಲೆಕ್ಕವಿದೆ. ಯೂಟಾ ವಿಶ್ವವಿದ್ಯಾಲಯದಲ್ಲಿ, ಬೆಳಕು ಬಿದ್ದ ವಸ್ತುವಿನ ಹೊಳಪಿನ ಲೆಕ್ಕವನ್ನು ಬರೆದ ಬುಯಿ ತುವಾಂಗ್ ಫಾಂಗ್ ಅವರು 1975ರಲ್ಲಿ, ಇನ್ನೂ 32ರ ವಯಸ್ಸಿನಲ್ಲಿ ತೀರಿಕೊಂಡರು. ಆ ಲೆಕ್ಕವನ್ನು ತುಸು ಬದಲಿಸಿ ಒಳಗೆ ಸೇರಿಸಿಕೊಂಡಿದ್ದ ಓಪನ್‌ಜಿಎಲ್‌ನ ಬೆಳಕಿನ ಕರೆಗಳನ್ನು 2008ರಲ್ಲಿ ಹಳತೆಂದು ಬದಿಗಿಟ್ಟರು. ಬಣ್ಣ ಬೆಳಕನ್ನು ಲೆಕ್ಕಹಾಕುವ ಸಣ್ಣ ಪ್ರೋಗ್ರಾಮಾದ ಶೇಡರ್‌ನಲ್ಲಿ ನೀನು ಆ ಲೆಕ್ಕವನ್ನೇ ಇಂದಿಗೂ ಕೈಯಾರೆ ಬರೆಯುತ್ತೀಯೆ. ಇದರಿಂದ ನಿನ್ನ ಭಯ ಪೂರ್ತಿ ಹೋಗುತ್ತದೆಂದು ನಾನು ಭಾವಿಸಿಲ್ಲ. ಕರೆಗಳ ಹೆಸರು, ಅವುಗಳ ವಿಚಿತ್ರ ಪಟ್ಟುಗಳು, ರಾತ್ರಿಯೆಲ್ಲ ಕುಳಿತು ಹಿಡಿದ ಡ್ರೈವರ್ ದೋಷಗಳು, ಇವು ಹೋಗುತ್ತವೆ, ಹೋಗುವಾಗ ನೋವೂ ಆಗುತ್ತದೆ.

ಸಲಹೆ ಕೊಡಲು ನನಗೆ ಸಂಕೋಚವೇ. ಆದರೂ, ನಿನಗೆ ಚೆನ್ನಾಗಿ ಗೊತ್ತಿರುವ ಯಾವುದಾದರೂ ಸಣ್ಣ ಪ್ರೋಗ್ರಾಮನ್ನು ವಲ್ಕನ್‌ನಲ್ಲಿ ಒಮ್ಮೆ ಬರೆದು ನೋಡಬಹುದೇನೋ. ಅಲ್ಲಿ ವೈ ಅಕ್ಷ ಕೆಳಮುಖ, ಆಳದ ಅಳತೆ 0ಯಿಂದ 1ರವರೆಗೆ. ಮೊದಲ ಚಿತ್ರ ತಲೆಕೆಳಗಾಗಿ ಬಂದರೆ ಎದೆಗುಂದಬೇಡ. ನಿನ್ನ ನೋಟ್‌ಬುಕ್‌ಗಳನ್ನು ಎಸೆಯಬೇಡ, ಇಡಲು ಜಾಗವಿಲ್ಲದಿದ್ದರೆ ನನಗೆ ಕಳುಹಿಸು. ಯಾರಾದರೂ ಕಿರಿಯರು ಬಂದು ಮೂರು ತಿಂಗಳು ಕೇಳಿದರೆ, ಆಗುವುದಾದರೆ ಕೊಡು.

ಅಳತೆಗೆರೆ ಸರಿಹೋಯಿತೇ ಎಂದು ತಿಳಿಸು. ಡಬ್ಲ್ಯೂ ಋಣವಾಗುವ ಒಂದು ಗೆರೆಯನ್ನು ಆಯ್ದುಕೊಂಡು, ಎರಡೂ ತುದಿಗಳ ಬಿಟ್‌ಗಳನ್ನು ಕಾಗದದ ಮೇಲೆ ಬರೆದು ಕಳುಹಿಸಿದರೆ ನಾನೂ ಇಲ್ಲಿ ಕುಳಿತು ಮಾಡಿ ನೋಡುತ್ತೇನೆ.

ಇತಿ ನಿನ್ನ ಪ್ರೀತಿಯ,
ದೊಡ್ಡಪ್ಪ