ಬೆಟ್ಟ, ಕಾನು ಮತ್ತು ನಮ್ಮ ಒಂಬತ್ತನೆಯ ತರಗತಿ: ಪೋಷಕರಿಗೊಂದು ಪತ್ರ

ಮಾನ್ಯ ಪೋಷಕರಿಗೆ ಗೌರವಪೂರ್ವಕ ನಮಸ್ಕಾರಗಳು.

ದೀಪಾವಳಿ ರಜೆ ಮುಗಿದ ಮೇಲೆ ಒಂಬತ್ತನೆಯ ತರಗತಿಯ ಮಕ್ಕಳು ನಾಲ್ಕು ಶನಿವಾರ ತಮ್ಮ ಊರಿನ ಬೆಟ್ಟ, ಕಾನು, ಹಳ್ಳಗಳ ಭೂಗೋಳವನ್ನೂ ಚರಿತ್ರೆಯನ್ನೂ ಬರೆದಿಡಲಿದ್ದಾರೆ. ಇದಕ್ಕೆ ತಮ್ಮ ಅನುಮತಿಯಷ್ಟೇ ತಮ್ಮ ಮನೆಯ ಹಿರಿಯರ ನೆನಪೂ ಬೇಕಾಗಿದೆ.

ಹೋದ ತಿಂಗಳು ಪಾಠದ ನಡುವೆ ಹಿಮಾಲಯದ ಶಿಖರಗಳ ಎತ್ತರವನ್ನು ತಪ್ಪಿಲ್ಲದೆ ಹೇಳಿದ ಮಕ್ಕಳು, ತಮ್ಮ ಮನೆಯ ಹಿಂದಿನ ಹಳ್ಳ ಅಘನಾಶಿನಿ ನದಿಗೆ ಸೇರುತ್ತದೆಯೋ ಬೇಡ್ತಿ ನದಿಗೆ ಸೇರುತ್ತದೆಯೋ ಎಂದು ಕೇಳಿದಾಗ ಸುಮ್ಮನಾದರು. ಅದು ಅವರ ತಪ್ಪಲ್ಲ. ನಾವು ಕಲಿಸದೆ ಬಿಟ್ಟದ್ದು.

ಶಿರಸಿ, ಸಿದ್ದಾಪುರ ಸೀಮೆಯ ಊರುಗಳ ಹೆಸರುಗಳಲ್ಲೇ ಅರ್ಧ ಭೂಗೋಳವಿದೆ. ಕಾನು ಎಂದರೆ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡು. ಜಡ್ಡಿ ಎಂದರೆ ನೀರು ನಿಲ್ಲುವ ಜೌಗು ನೆಲ. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳಲ್ಲಿ ಮರಗಳು ಮೊಣಕಾಲಿನಂತೆ ಬಾಗಿದ ಬೇರುಗಳನ್ನು ಕೆಸರಿನಿಂದ ಮೇಲೆತ್ತಿ ಉಸಿರಾಡುತ್ತವೆ.

ಚರಿತ್ರೆಯ ವಿಷಯದಲ್ಲಿ ಮೊದಲು ಬರುವುದು ಸೊಪ್ಪಿನ ಬೆಟ್ಟ. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದಿಂದ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಸವಲತ್ತು ಬ್ರಿಟಿಷರ ಕಾಲದ ಅರಣ್ಯ ನಿಯಮಗಳಲ್ಲಿ ಸೇರಿಕೊಂಡು ಇಂದಿಗೂ ನಮ್ಮ ತೋಟಗಳನ್ನು ಪೊರೆಯುತ್ತಿದೆ. ಆದರೆ ತೋಟವಿಲ್ಲದವರಿಗೆ ಬೆಟ್ಟವೂ ಇರಲಿಲ್ಲ. ಕುಮರಿ ಬೇಸಾಯ, ಅಂದರೆ ಕಾಡಿನ ತುಂಡನ್ನು ಕಡಿದು ಸುಟ್ಟು ಬಿತ್ತುವ ಬೇಸಾಯ, ಮಾಡುತ್ತಿದ್ದ ಕುಟುಂಬಗಳ ದಾರಿಯನ್ನು ಅದೇ ಸರ್ಕಾರ ಮುಚ್ಚುತ್ತ ಬಂದಿತು. ತೋಟದವರ ಕಥೆಯಷ್ಟನ್ನೇ ಬರೆದರೆ ಮಕ್ಕಳ ಚರಿತ್ರೆ ಅರೆಬರೆಯಾಗುತ್ತದೆ ಎಂದು ನಾನು ದೃಢವಾಗಿ ನಂಬಿರುವುದರಿಂದ, ಕುಣಬಿ, ಸಿದ್ದಿ, ಗೌಳಿ, ಕರೆ ಒಕ್ಕಲ ಮನೆಗಳ ಹಿರಿಯರು ತಪ್ಪದೆ ಮಾತನಾಡಬೇಕೆಂದು ವಿಶೇಷವಾಗಿ ಕೋರುತ್ತೇನೆ.

1930ರ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲೆಗಳಲ್ಲಿ ಕರನಿರಾಕರಣೆ ನಡೆದು, ಕಂದಾಯ ಕಟ್ಟದ ರೈತರ ಜಮೀನು ಮುಟ್ಟುಗೋಲಾಯಿತು. ಅಂಥ ಮನೆತನಗಳಲ್ಲಿ ಉಳಿದಿರುವ ಹಳೆಯ ಕಾಗದಪತ್ರಗಳಿದ್ದರೆ ಮೂಲವನ್ನು ಕಳಿಸದೆ ನಕಲನ್ನು ಮಾತ್ರ ಕಳಿಸಿ. 1983ರ ಸೆಪ್ಟೆಂಬರ್ 8ರಂದು ಸಲ್ಕಣಿ ಭಾಗದ ಜನರು ಕಳಾಸೆ ಕಾಡಿಗೆ ನಡೆದುಹೋಗಿ, ಕೊಡಲಿ ಬೀಳಲಿದ್ದ ಮರಗಳನ್ನು ಅಪ್ಪಿಕೊಂಡರು. ಸಹಜ ಕಾಡನ್ನು ಕಡಿದು ಸಾಗವಾನಿ ನೆಟ್ಟ ಕಡೆ ಸೊಪ್ಪೂ ಇಲ್ಲ, ಒರತೆಯೂ ಇಲ್ಲ ಎಂಬುದು ಅವರು ಕಣ್ಣಾರೆ ಕಂಡ ಸಂಗತಿಯಾಗಿತ್ತು. ಅಪ್ಪಿಕೋ ಚಳವಳಿ ಹುಟ್ಟಿದ ಆ ದಿನಗಳನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಮಕ್ಕಳು ಈಗಲೇ ಕಾಣಬೇಕು.

ನಡಿಗೆಗೆ ಇಬ್ಬರು ಶಿಕ್ಷಕರು ಜೊತೆಗಿರುತ್ತಾರೆ. ಉಂಬಳದ (ಕಾಡಿನ ಜಿಗಣೆ) ಕಾಟ ಅಷ್ಟರಲ್ಲಿ ಕಡಿಮೆಯಾಗಿದ್ದರೂ ಮಕ್ಕಳಿಗೆ ಉದ್ದ ತೋಳಿನ ಅಂಗಿ, ಕುಡಿಯುವ ನೀರು, ಬುತ್ತಿ ಕೊಟ್ಟು ಕಳಿಸಿ. ಬೆಟ್ಟದ ದಾರಿ ಬಲ್ಲ ಪೋಷಕರು ಯಾರಾದರೂ ಒಂದು ಶನಿವಾರ ಬರಲು ಸಾಧ್ಯವಾದರೆ ಶಾಲೆಗೆ ದೊಡ್ಡ ಉಪಕಾರವಾಗುತ್ತದೆ. ಸಹಿ ಮಾಡಿದ ಒಪ್ಪಿಗೆ ಚೀಟಿಯನ್ನು ರಜೆಗೆ ಮುಂಚಿನ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು