ಪೊಟ್ಟಣದೊಳಗೆ ಏನಿದೆ ಎಂದು ಕನ್ನಡದಲ್ಲಿ ಬರೆಯಲಿ

ಮಾನ್ಯ ಸಂಪಾದಕರೇ,

ಕುಮಟಾ ಪೇಟೆಯಿಂದ ಸ್ವಲ್ಪ ಹೊರಗೆ ನನ್ನದೊಂದು ಕಿರಾಣಿ ಅಂಗಡಿ ಇದೆ. ಅಕ್ಕಿ, ಬೇಳೆ, ತೆಂಗಿನೆಣ್ಣೆ ಇರುವ ಅಂಗಡಿಯ ಬಾಗಿಲಲ್ಲೇ ಚಿಪ್ಸ್, ಕುರುಕಲು ತಿಂಡಿಗಳ ಮಾಲೆ ನೇತಾಡುತ್ತಿರುತ್ತದೆ. ಬೇಗ ಖಾಲಿಯಾಗುವುದೂ ಅವೇ. ಪ್ಯಾಕೆಟ್ ತಿಂಡಿಯಿಂದ ಆರೋಗ್ಯ ಹಾಳು ಅಂತ ದಿನಾ ಓದುತ್ತೇವೆ, ಶಾಲೆಯ ಕಾರ್ಯಕ್ರಮಗಳಲ್ಲಿ ಭಾಷಣ ಕೇಳುತ್ತೇವೆ. ಭಾಷಣ ಮುಗಿಸಿ ಮಕ್ಕಳು ಸೀದಾ ನನ್ನ ಅಂಗಡಿಗೇ ಬರುತ್ತಾರೆ. ಮಾರುವವನಾಗಿ ನನ್ನದು ಒಂದೇ ಬೇಡಿಕೆ. ಒಳಗೆ ಏನಿದೆ ಅನ್ನೋದನ್ನು ಕೊಳ್ಳುವವರ ಭಾಷೆಯಲ್ಲಿ, ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ, ಪೊಟ್ಟಣದ ಮುಂದುಗಡೆಯೇ ಬರೆಯಲಿ.

ನಮ್ಮ ಕೇರಿಯ ಅಜ್ಜಿಯೊಬ್ಬರಿಗೆ ಬಿ.ಪಿ. ಇದೆ. ‘ತಮಾ, ಡಾಕ್ಟ್ರು ಉಪ್ಪು ಕಡಿಮೆ ಮಾಡು ಹೇಳಿದಾರೆ’ ಎಂದು ಒಣಮೀನು ಬಿಟ್ಟರು, ಮಿಡಿ ಉಪ್ಪಿನಕಾಯಿ ಬಿಟ್ಟರು. ಗಂಜಿಗೂ ಉಪ್ಪು ಹಾಕಿಕೊಳ್ಳುವುದಿಲ್ಲ. ಆದರೆ ಸಂಜೆ ಮೊಮ್ಮಗನಿಗೆ ನೂಡಲ್ಸ್ ಮಾಡಿದಾಗ ತಾವೂ ಒಂದು ಪೊಟ್ಟಣದಷ್ಟು ತಿನ್ನುತ್ತಾರೆ. ಒಂದು ದಿನ ಆ ಪೊಟ್ಟಣ ತಿರುಗಿಸಿ, ಮೊಬೈಲ್ ಟಾರ್ಚ್ ಹಾಕಿ ಓದಿದೆ. 100 ಗ್ರಾಂಗೆ ಸೋಡಿಯಂ 1,100 ಮಿಲಿಗ್ರಾಂ ಅಂತಿತ್ತು. ಪೊಟ್ಟಣ 70 ಗ್ರಾಂದು, ಅಂದರೆ 770 ಮಿಲಿಗ್ರಾಂ ಆಯ್ತು. ಸೋಡಿಯಂ ಲೆಕ್ಕವನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಹತ್ತಿರ ಹತ್ತಿರ 2 ಗ್ರಾಂ! ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪು ಅಂತ ಬರೆಯದೆ ಸೋಡಿಯಂ ಅಂತ ಬರೆದು, ಅದನ್ನೂ 100 ಗ್ರಾಂ ಲೆಕ್ಕದಲ್ಲಿ ಕೊಟ್ಟರೆ ಈ ಗುಣಾಕಾರ ಭಾಗಾಕಾರ ಅಜ್ಜಿ ಮಾಡ್ತಾರಾ? ಹೈಸ್ಕೂಲಿಗೆ ಹೋಗುವ ನನ್ನ ಮಗಳೇ ಮಾಡುವುದಿಲ್ಲ.

ಮಿಡಿಯಲ್ಲೂ ಉಪ್ಪು ಇದೆ, ಬೇಕಾದಷ್ಟಿದೆ. ಆದರೆ ಅದು ನಾಲಿಗೆಗೆ ಗೊತ್ತಾಗುತ್ತದೆ, ಹಾಗಾಗಿ ಒಂದು ಮಿಡಿಯಲ್ಲಿ ಒಂದು ಊಟ ಮುಗಿಯುತ್ತದೆ. ಸಿಹಿ ಬಿಸ್ಕೆಟ್ಟಿನಲ್ಲೂ ಉಪ್ಪು, ಸೋಡಾ ಇರುತ್ತದೆ ಅಂದರೆ ನಮ್ಮ ಗಿರಾಕಿಗಳು ನಗುತ್ತಾರೆ.

ಇನ್ನು ತಿಂಡಿಗೆ ಸೇರಿಸುವ ಬಣ್ಣ, ಹುಳಿ, ಸೋಡಾ ಮುಂತಾದವುಗಳ ಹೆಸರಿನ ಬದಲು ಬರೆಯುವ ಐಎನ್‌ಎಸ್ ಎಂಬ ನಂಬರುಗಳು. ವಾಟ್ಸಾಪಿನಲ್ಲಿ ಈ ನಂಬರೆಲ್ಲ ವಿಷ ಎಂದು ಹೆದರಿಸುವವರಿದ್ದಾರೆ. ಅದು ಸುಳ್ಳು. ಐಎನ್‌ಎಸ್ 100 ಅಂದರೆ ನಮ್ಮ ಅರಿಶಿನದ ಬಣ್ಣ. 300 ಅಂದರೆ ವಿಟಮಿನ್ ಸಿ. 330 ನಿಂಬೆಹುಳಿ, 500 ಅಡುಗೆ ಸೋಡಾ. ಆದರೆ ಅದೇ ಸಾಲಿನಲ್ಲಿ 102 ಕೂಡ ಬರುತ್ತದೆ. ಅದು ಟಾರ್ಟ್ರಜೀನ್ ಎಂಬ ಕೃತಕ ಹಳದಿ. ನಮ್ಮಲ್ಲಿ ಮಿತಿಯೊಳಗೆ ಹಾಕಬಹುದು. ಯುರೋಪಿನಲ್ಲೂ ಹಾಕಬಹುದು, ಆದರೆ 2010ರಿಂದ ಅಲ್ಲಿ ಇಂಥ ತಿಂಡಿಯ ಮೇಲೆ ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಕೆಟ್ಟ ಪರಿಣಾಮ ಆಗಬಹುದು ಎಂದು ಬರೆಯಲೇಬೇಕು. ಇಲ್ಲಿಯ ತಾಯಿಗೆ ಬರೀ 102 ಅಂತ ಕಂಡರೆ ಅರಿಶಿನ ಯಾವುದು, ಟಾರ್ಟ್ರಜೀನ್ ಯಾವುದು ಅಂತ ಹೇಗೆ ತಿಳಿಯಬೇಕು?

ತಿಳಿಯದಿದ್ದರೂ ಕಾನೂನಿನ ಪ್ರಕಾರ ತಪ್ಪಿಲ್ಲ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಲ್ಲಿ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು. ಬೇರೆ ಭಾಷೆ ಬೇಕಿದ್ದರೆ ಸೇರಿಸಿಕೊಳ್ಳಬಹುದು, ಅಷ್ಟೇ. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಹೆಸರು, ಸೂಚನೆ ಕನ್ನಡದಲ್ಲೂ ಇರಬೇಕೆಂದು ನಮ್ಮ ಸರ್ಕಾರ 2025ರಲ್ಲಿ ಆದೇಶ ಹೊರಡಿಸಿತು. ಸಂತೋಷ. ಆದರೆ ನನ್ನ ಅಂಗಡಿಗೆ ಬರುವ ಪೊಟ್ಟಣಗಳಲ್ಲಿ ಹೊರರಾಜ್ಯದವೇ ಜಾಸ್ತಿ.

ಜನ ನೋಡುವುದಿಲ್ಲ, ಬರೆದು ಏನು ಪ್ರಯೋಜನ ಎಂದು ನಮ್ಮ ಏಜೆಂಟರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಅಕ್ಷರ ಬಾರದವರೂ ಹಸಿರು ಚುಕ್ಕಿ ಹುಡುಕಿಯೇ ಕೇಕ್ ಕೊಳ್ಳುತ್ತಾರೆ. ಚಿಲಿ ದೇಶದಲ್ಲಿ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಮಿತಿ ಮೀರಿದ ಪೊಟ್ಟಣದ ಮುಂದೆ ಎಂಟು ಮೂಲೆಯ ಕಪ್ಪು ಗುರುತು ಹಾಕುತ್ತಾರೆ. ನಮ್ಮಲ್ಲಿ 2022ರ ಕರಡು ನಿಯಮದಲ್ಲಿ, ತಿಂಡಿ ಆರೋಗ್ಯಕ್ಕೆ ಎಷ್ಟು ಒಳ್ಳೆಯದೋ ಅಷ್ಟು ಹೆಚ್ಚು ನಕ್ಷತ್ರ ಕೊಡುವ ಯೋಚನೆ ಬಂತು. ಚಿಪ್ಸಿಗೆ ಒಂದು ನಕ್ಷತ್ರ ಕೊಟ್ಟರೂ ನಮ್ಮ ಜನ ‘ಓ, ಇದಕ್ಕೆ ಸ್ಟಾರ್ ಇದೆ’ ಎಂದೇ ಒಯ್ಯುತ್ತಾರೆ, ಬರೆದಿಟ್ಟುಕೊಳ್ಳಿ. ಎಚ್ಚರಿಕೆ ಕೊಡಬೇಕಾದ ಕಡೆ ಬಹುಮಾನ ಯಾಕೆ?

ಲೇಬಲ್ ಒಂದರಿಂದಲೇ ಎಲ್ಲ ಸರಿಹೋಗುತ್ತದೆ ಎಂಬ ಭ್ರಮೆ ನನಗಿಲ್ಲ. ಐದು ರೂಪಾಯಿಯ ಪೊಟ್ಟಣ ಮುಗಿಸಿದ ಹುಡುಗ ಕೈ ಒರೆಸಿಕೊಳ್ಳುತ್ತ ಇನ್ನೊಂದಕ್ಕೆ ಬರುತ್ತಾನೆ. ಮಕ್ಕಳ ಹಟ ಎಂದೇ ಅಂದುಕೊಂಡಿದ್ದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು 2019ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಓದಿದ ಮೇಲೆ ಹಾಗೆ ಅನಿಸುತ್ತಿಲ್ಲ. 20 ಜನರಿಗೆ ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟರು. ಬಡಿಸಿದ್ದರಲ್ಲಿ ಸಕ್ಕರೆ, ಉಪ್ಪು, ಕೊಬ್ಬು, ನಾರು ಹೆಚ್ಚುಕಡಿಮೆ ಸಮ. ಆದರೂ ಸಿದ್ಧ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಎರಡೇ ವಾರಕ್ಕೆ ಒಂದು ಕಿಲೋ ಹತ್ತಿರ ತೂಕ ಏರಿತು. ಸಣ್ಣ ಪ್ರಯೋಗ, ನಿಜ. ಆದರೆ ಇದೇ ಅಭ್ಯಾಸ ಇಪ್ಪತ್ತು ವರ್ಷ ನಡೆದರೆ ಅಂತ ಯೋಚನೆಯಾಗುತ್ತದೆ ಅಲ್ವಾ?

ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ ಅನ್ನೋದನ್ನೂ ನೋಡಿದ್ದೇವೆ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಬಟ್ಟೆಯ ಬಣ್ಣವಾದ ರೋಡಮೈನ್-ಬಿ ಹಾಕುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ಅದೇ ತಿಂಗಳು ಶಿರಸಿ ಮಾರಿಕಾಂಬಾ ಜಾತ್ರೆ. ನಾವು ಹೋದಾಗ ಹಲವು ಅಂಗಡಿಗಳ ಗೋಬಿ ಕಂದು ಬಣ್ಣಕ್ಕೆ ತಿರುಗಿತ್ತು. ತಿನ್ನುವವರ ಸಾಲು ಮಾತ್ರ ಕಡಿಮೆಯಾಗಿರಲಿಲ್ಲ.

ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಕೊಟ್ಟೆಗೆ ಸುರಿದುಕೊಡುವುದರ ಬಗ್ಗೆ ಬರೆದರೆ ಇನ್ನೊಂದು ಪತ್ರವೇ ಆದೀತು. ಬಿಸಿ, ಹುಳಿ, ಎಣ್ಣೆ ಮೂರೂ ಸೇರಿದರೆ ಪ್ಲಾಸ್ಟಿಕ್ಕಿನ ರಾಸಾಯನಿಕ ಊಟಕ್ಕೆ ಇಳಿಯುವುದು ಸುಲಭ. ಹಾಗೆಯೇ ಬಿಸಿ ಬಜೆಯನ್ನು ಸುದ್ದಿಪತ್ರಿಕೆಯಲ್ಲಿ ಕಟ್ಟಬಾರದೆಂದು 2018ರಿಂದ ನಿಯಮವಿದೆ. ನಿಮ್ಮ ಪತ್ರಿಕೆಯ ಮೇಲೆ ಗೌರವ ಇಟ್ಟೇ ಹೇಳುತ್ತೇನೆ, ಅದರ ಶಾಯಿ ಓದಲಿಕ್ಕೇ ಸರಿ.

ಕೇಂದ್ರದ ನಿಯಮ ಬದಲಾಗಲು ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳು ದಿನಬಳಕೆಯ ಐಎನ್‌ಎಸ್ ನಂಬರುಗಳ ಅರ್ಥ, ಸೋಡಿಯಂನಿಂದ ಉಪ್ಪಿನ ಲೆಕ್ಕ ಹಾಕುವ ಕ್ರಮ ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆ ಮಾಡಿ ಕಿರಾಣಿ ಅಂಗಡಿಗಳಿಗೆ ಹಂಚಲಿ. ಅವರಿಗೆ ಪುರಸೊತ್ತಿಲ್ಲದಿದ್ದರೆ ತಜ್ಞರನ್ನು ಕೇಳಿ ನೀವೇ ಪತ್ರಿಕೆಯಲ್ಲಿ ಅರ್ಧ ಪುಟ ಹಾಕಿ. ನಾನು ಕತ್ತರಿಸಿ ತಕ್ಕಡಿಯ ಪಕ್ಕ ಅಂಟಿಸುತ್ತೇನೆ.

– ಒಬ್ಬ ಕಿರಾಣಿ ಅಂಗಡಿಯವ, ಕುಮಟಾ